ಎಂಟೆತ್ತಿನ ಬದಲಿಗೆ ಟ್ರ್ಯಾಕ್ಟರ್

ದೊಡ್ಡಪ್ಪ ಟ್ರ್ಯಾಕ್ಟರ್ ಕೊಳ್ಳುತ್ತೇನೆ ಅಂದಾಗ ಅವರಿಗೆ ಅರವತ್ತೆರಡೋ ಅರವತ್ತಮೂರೋ. ಮೊಣಕಾಲು ಹಿಡಿದಿದ್ದವು, ಎಡಗಣ್ಣಿಗೆ ಪೊರೆ ಬರುತ್ತಿತ್ತು, ಜೀವನದಲ್ಲಿ ಸೈಕಲ್ ಕೂಡ ಹತ್ತಿದವರಲ್ಲ. ನಮ್ಮೂರು ಔರಾದ ತಾಲ್ಲೂಕಿನಲ್ಲಿ, ಡಾಬಕಾದ ಕಡೆಗೆ ಹೋಗುವ ಹಾದಿಯಲ್ಲಿದೆ. ಸುತ್ತ ಯಾರ ಹೊಲದಲ್ಲೂ ಅಂಥದೊಂದು ಯಂತ್ರ ಇರಲಿಲ್ಲ. ಮನೆಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ, ಕಾರಣ ಕೇಳಿದೆ.

"ಯಾಕ ಬೇಕ್ರಿ ದೊಡ್ಡಪ್ಪಾ?"

"ಬೇಕು."

"ಬೇಕು ಅನ್ನೋದು ಕಾರಣ ಅಲ್ಲರಿ."

"ಹೈದ್ರಾಬಾದಿನಾಗ ಇಷ್ಟ ಕಲಿಸ್ಯಾರೇನು ನಿಂಗ?"

ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಆಗ ಮೂರ್ನಾಲ್ಕು ವರ್ಷ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ನೌಕರಿಗೆ ಅರ್ಜಿ ಹಾಕಿ, ಊರಿಗೆ ಬಂದು ಕೂತಿದ್ದೆ. ಕಾಲೇಜಿನಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಮುಬಾಹಿಸಾ, ಅಂದರೆ ಉರ್ದುವಿನಲ್ಲಿ ನಡೆಯುತ್ತಿದ್ದ ಚರ್ಚಾಸ್ಪರ್ಧೆ. ಚೀಟಿಯಲ್ಲಿ ಯಾವ ಪಕ್ಷ ಬಂದರೂ ಅದನ್ನೇ ಹಿಡಿದು ಮಾತಾಡಬೇಕು. ನಾನು ಎರಡೂ ಕಡೆಯಿಂದ ಗೆದ್ದವನು. ಹಾಗಾಗಿ ದೊಡ್ಡಪ್ಪನ ಟ್ರ್ಯಾಕ್ಟರಿಗೆ ವಿರುದ್ಧವಾಗಿ ನಿಲ್ಲುವುದು ನನಗೆ ಕಷ್ಟದ ಕೆಲಸವೇನೂ ಆಗಿರಲಿಲ್ಲ.

ನಮ್ಮದು ಎರಿ, ಕರಿ ನೆಲ. ಅದರಲ್ಲಿ ಕರಕಿ ಹುಲ್ಲು ಬೇರಿಳಿಸಿದರೆ ಸಣ್ಣ ನೇಗಿಲಿಗೆ ಬಗ್ಗುವುದಿಲ್ಲ. ಅದಕ್ಕೆ ದೊಡ್ಡ ನೇಗಿಲೇ ಬೇಕು, ಅದನ್ನು ಎಳೆಯಲು ಎಂಟು ಎತ್ತು ಬೇಕು. ಒಬ್ಬರ ಮನೆಯಲ್ಲಿ ಎಂಟೆತ್ತು ಎಲ್ಲಿರುತ್ತವೆ? ನಾಲ್ಕು ಮನೆಯವರು ಒಂದೊಂದು ಜೋಡಿ ತಂದು ಕೂಡಿಸಿ, ಬೇಸಿಗೆಯಲ್ಲಿ ಒಬ್ಬರ ಹೊಲ ಮುಗಿದ ಮೇಲೆ ಇನ್ನೊಬ್ಬರದು ಉಳುತ್ತ ಹೋಗುತ್ತಾರೆ. ಮುಯ್ಯಿಯ ಲೆಕ್ಕ. ದೊಡ್ಡಪ್ಪನ ಕೂಟದಲ್ಲಿ ಅವರದೊಂದು ಜೋಡಿ, ನಮ್ಮ ಬಾಜೂ ಹೊಲದ ಚಾಚಾನದೊಂದು, ಚಾವಡಿ ಹಿಂದಿನ ಮನೆಯ ಕಾಕಾನದೊಂದು, ಕಾಕಾನ ತಮ್ಮನದೊಂದು. ನೇಗಿಲ ಮೇಳಿ ಹಿಡಿಯುತ್ತಿದ್ದವರು ಚಾಚಾ. ಮುಂದಿನ ಜೋಡಿ ಹೊಡೆಯುತ್ತಿದ್ದವರು ದೊಡ್ಡಪ್ಪ. ನಾನು ಹುಟ್ಟುವ ಮೊದಲಿಂದ ಹಾಗೇ ನಡೆದಿತ್ತು.

ಪೊಲೀಸ್ ಆಕ್ಷನ್ ಆದ ವಾರದಲ್ಲೇ ಚಾಚಾ ಹೆಂಡತಿ ಮಕ್ಕಳನ್ನು ಕರಕೊಂಡು ಊರು ಬಿಟ್ಟರು. ಆ ದಿನಗಳಲ್ಲಿ ಊರೂರಲ್ಲಿ ಮುಸಲ್ಮಾನರ ಮನೆಗಳ ಮೇಲೆ ದಾಳಿ ನಡೆದಿತ್ತು, ಯಾಕೆ ಬಿಟ್ಟರು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಆಗ ನಾನು ಕಾಲೇಜಿನಲ್ಲಿದ್ದೆ. ರಜೆಗೆ ಬಂದು ಕೇಳಿದರೆ, ಎತ್ತು ಕಾಕಾಗೆ ಮಾರಿ ಹೋದರು ಅಂದರು. ಸರಿ ಅಂದುಕೊಂಡೆ. ದೇವರು, ಶಕುನ, ಸರಕಾರ ಎಲ್ಲವನ್ನೂ ಪ್ರಶ್ನೆ ಮಾಡುತ್ತಿದ್ದ ನಾನು ಅದೊಂದನ್ನು ಹಾಗೇ ನುಂಗಿದೆ. ಆ ವರ್ಷದಿಂದ ದೊಡ್ಡಪ್ಪ ತಮ್ಮ ಜೋಡಿಯನ್ನು ಕೂಟಕ್ಕೆ ಕಳಿಸುವುದು ಬಿಟ್ಟರು. ನಮ್ಮ ಕೆಳಗಿನ ಹೊಲಕ್ಕೆ ಕರಕಿ ಹತ್ತಿತು. ಪ್ರತಿ ಮಳೆಗಾಲಕ್ಕೆ ಅದು ಒಂದಷ್ಟು ಮುಂದೆ ಬರುತ್ತಿತ್ತು.

ಯಂತ್ರ ಕೊಂಡರೆ ಅದನ್ನು ಹೊಡೆಯುವವನು ಬೇಕು, ಕೆಟ್ಟರೆ ರಿಪೇರಿಗೆ ಬೀದರಿಗೆ ಓಡಬೇಕು, ಎತ್ತಿನ ಹಾಗೆ ಅದು ಸಗಣಿ ಹಾಕುವುದಿಲ್ಲ, ಮೇವು ತಿಂದು ಬದುಕುವುದಿಲ್ಲ. ಇದೆಲ್ಲ ಹೇಳಿದೆ. ದೊಡ್ಡಪ್ಪ ಕೇಳಿಸಿಕೊಂಡು, "ನಾಳಿ ಭಾಲ್ಕಿಗಿ ಹೋಗೋಣ" ಅಂದರು.

ಭಾಲ್ಕಿಯಲ್ಲಿ ಜಮೀನುದಾರರೊಬ್ಬರು ಹಳೆಯ ಟ್ರ್ಯಾಕ್ಟರ್ ಮಾರಲಿಕ್ಕೆ ಇಟ್ಟಿದ್ದರು. ಅದಕ್ಕೆ ಗಾಲಿ ಇರಲಿಲ್ಲ, ಗಾಲಿಯ ಜಾಗದಲ್ಲಿ ಯುದ್ಧದ ಟ್ಯಾಂಕಿಗಿರುವಂಥ ಕಬ್ಬಿಣದ ಪಟ್ಟಾ ಇತ್ತು. ಸ್ಟಾರ್ಟ್ ಆದರೆ ಕೊಟ್ಟಿಗೆಯ ತಗಡೆಲ್ಲ ನಡುಗುತ್ತಿತ್ತು. ದೊಡ್ಡಪ್ಪ ಇಂಜಿನಿನ ಕಡೆ ತಿರುಗಿಯೂ ನೋಡಲಿಲ್ಲ. ನೀರು ಬಿಟ್ಟ ಹೊಲದಲ್ಲಿ ಅದನ್ನು ಒಂದು ಸುತ್ತು ಹೊಡೆಸಿ, ಅದು ಹಾಯ್ದು ಹೋದ ಮೇಲೆ ನೆಲಕ್ಕೆ ಬಗ್ಗಿ, ಪಟ್ಟಾದ ಗುರುತಿನೊಳಗೆ ಬೆರಳಿಟ್ಟು ಆಳ ನೋಡಿದರು. ಎತ್ತು ಕೊಳ್ಳುವಾಗ ಅವರು ಮಾಡುತ್ತಿದ್ದದ್ದೂ ಇದೇ. ಹಲ್ಲು, ಸುಳಿ ಎಲ್ಲ ಆಮೇಲೆ, ಮೊದಲು ಹೆಜ್ಜೆ.

"ಎರಡೇ ಬೆಳ್ಳಷ್ಟ ಇಳದದ, ಹಸಿ ಎರ್ಯಾಗ ಹೂಳಂಗಿಲ್ಲ. ಇದು ಬರೋಬ್ಬರಿ ಅದ" ಅಂದರು.

"ದೊಡ್ಡಪ್ಪಾ, ಇದು ಎತ್ತಲ್ಲರಿ. ಇದರ ವಯಸ್ಸ ನೋಡ್ರಿ. ಪಟ್ಟಾ ಹರದ್ರ ಸಾಮಾನ ಎಲ್ಲಿ ಸಿಗ್ತದ? ಮಾರಲತ್ತವರನ್ನೇ ಕೇಳ್ರಿ."

ಮಾರುವವರು ಪ್ರಾಮಾಣಿಕರು. "ಸಾಮಾನು ಮುಂಬೈಯಿಂದ ತರಸ್ಬೇಕ್ರಿ, ಸಿಕ್ರ ನಸೀಬ" ಅಂದರು. ನನಗೆ ಅಷ್ಟು ಸಾಕಾಯಿತು. ಬಸ್ಸಿನಲ್ಲಿ ವಾಪಸ್ ಬರುವ ದಾರಿಯುದ್ದಕ್ಕೂ ಆ ಒಂದು ಮಾತನ್ನು ಹಿಡಿದು ಅವರನ್ನು ಹಣಿದೆ. ದೊಡ್ಡಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು.

ಮುಂದಿನ ವಾರ ಬೀದರ. ಅಲ್ಲಿ ಹೊಸ ಟ್ರ್ಯಾಕ್ಟರ್, ರಬ್ಬರ್ ಗಾಲಿಯದು. ಅಂಗಡಿಯವನು ಊರ ಹೊರಗಿನ ಬಯಲಿಗೆ ಕರಕೊಂಡು ಹೋಗಿ ನೇಗಿಲು ಕಟ್ಟಿ ಓಡಿಸಿ ತೋರಿಸಿದ. ಬೀದರದ ನೆಲ ನಿಮಗೆ ಗೊತ್ತಲ್ಲ, ಕೆಂಪು, ಮೊರಮು, ಕಲ್ಲಿನಂಥದು. ಗಾಲಿ ಉರುಳಿದ ಕಡೆ ಗೆರೆ ಸಹ ಬೀಳಲಿಲ್ಲ.

"ನೋಡ್ರಿ ದೊಡ್ಡಪ್ಪಾ, ನಿಮ್ಮ ಬೆಳ್ಳ ಇಡಾಕ ಜಾಗಾನೇ ಇಲ್ಲ."

"ತಮ್ಮಾ, ಈ ನೆಲದಾಗ ಆನಿ ನಿಂತ್ರೂ ಹೆಜ್ಜಿ ಮೂಡಂಗಿಲ್ಲ." ಆಮೇಲೆ ಅಂಗಡಿಯವನ ಕಡೆ ತಿರುಗಿ, "ಇದನ್ನ ನಮ್ಮ ಎರಿಗಿ ತಂದು ಒಮ್ಮಿ ಹೊಡದು ತೋರಸ್ರಿ" ಅಂದರು.

"ಔರಾದ್ ತನಕಾ ಟ್ರಯಲ್‌ಗೆ ಹ್ಯಾಂಗ ತರೋದ್ರಿ ಯಜಮಾನ್ರ? ನೆಲ ಎಲ್ಲಾ ಒಂದೇರಿ" ಅಂತ ಅವನು ನಕ್ಕ.

ನೆಲ ಎಲ್ಲ ಒಂದೇ ಅಲ್ಲ ಅನ್ನುವುದು ನನಗೂ ಗೊತ್ತಿತ್ತು. ಆದರೆ ದೊಡ್ಡಪ್ಪ ಕೊಂಡೇ ಕೊಳ್ಳುತ್ತಾರೆ ಅಂತ ಖಾತ್ರಿಯಾದ ಮೇಲೆ ನಾನು ಹೊಸ ಟ್ರ್ಯಾಕ್ಟರಿನ ಪಕ್ಷ ವಹಿಸಿಬಿಟ್ಟಿದ್ದೆ. ವಹಿಸಿದ ಮೇಲೆ ಎದುರು ಪಕ್ಷದ ಒಳ್ಳೆಯ ಮಾತು ಕಿವಿಗೆ ಬೀಳುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದು ತಾಸು ವಾದ ಮಾಡಿದೆ. ದೊಡ್ಡಪ್ಪ ಭಾಲ್ಕಿಯದೇ ಆಗಬೇಕು ಅನ್ನುವುದನ್ನು ಬಿಡಲಿಲ್ಲ. ಕಡೆಗೆ ಸಿಟ್ಟು ಬಂದು ಅಂದೆ:

"ಹಂಗಾದ್ರ ಯಾವುದೂ ಬ್ಯಾಡರಿ. ಮನಿಗಿ ಹೋಗಿ ಕಾಕಾನ ಕೇಳಿ, ಮೊದಲಿನಂಗ ಎಂಟೆತ್ತು ಕೂಡಸ್ರಿ."

ದೊಡ್ಡಪ್ಪ ನನ್ನ ಮುಖ ನೋಡಿದರು. "ಇದನ್ನೇ ತಗೋ" ಅಂದರು. ಎದ್ದು ಹೊರಗೆ ಹೋದರು.

ಗೆದ್ದೆ ಅಂದುಕೊಂಡೆ. ಯಾವ ಮಾತಿಗೆ ಗೆದ್ದೆ ಅಂತ ಆಗಲೇ ಯೋಚಿಸಬೇಕಾಗಿತ್ತು.

ಟ್ರ್ಯಾಕ್ಟರ್ ಬಂತು. ಹೊಡೆಯಲು ನಾನೇ ಕಲಿತೆ. ಒಣ ನೆಲದಲ್ಲಿ ಅದು ಚೆನ್ನಾಗಿಯೇ ನಡೆಯಿತು, ಊರೆಲ್ಲ ಬದುವಿನ ಮೇಲೆ ನಿಂತು ನೋಡಿತು. ಆದರೆ ಕೊಳ್ಳುವುದರಲ್ಲೇ ತಡವಾಗಿತ್ತು. ಕೆಳಗಿನ ಹೊಲ ಅರ್ಧ ಮುಗಿಯುವಷ್ಟರಲ್ಲಿ ಮಿರಗದ, ಅಂದರೆ ಮೃಗಶಿರಾದ, ಮಳೆ ಹೊಡೆಯಿತು. ನಾಲ್ಕು ದಿನ ತಡಿ ಅಂದರು ದೊಡ್ಡಪ್ಪ. ಎರಡು ದಿನ ತಡೆದೆ. ಮೂರನೆಯ ದಿನ ಮೇಲೆ ಹಕ್ಕಳೆಗಟ್ಟಿದ ಮಣ್ಣು ನೋಡಿ, ಒಣಗಿದೆ ಅಂತ ಟ್ರ್ಯಾಕ್ಟರ್ ಇಳಿಸಿದೆ. ಹತ್ತು ಮಾರು ಹೋಗಿರಲಿಲ್ಲ, ಹಿಂದಿನ ಗಾಲಿ ತಿರುಗಿದಲ್ಲೇ ತಿರುಗಿ, ಅಚ್ಚಿನವರೆಗೆ ಕೂತುಬಿಟ್ಟಿತು. ಕಟ್ಟಿಗೆ ಕೊಟ್ಟೆ, ಕಲ್ಲು ಕೊಟ್ಟೆ. ಕೊಟ್ಟದ್ದನ್ನೆಲ್ಲ ಎರಿ ನುಂಗಿತು. ಮೋಡ ಮತ್ತೆ ಕಟ್ಟುತ್ತಿತ್ತು.

ದೊಡ್ಡಪ್ಪಗೆ ಹೇಳದೆ ಸೀದಾ ಕಾಕಾನ ಮನೆಗೆ ಹೋದೆ. ಕಾಕಾ ಖುಷಿಯಿಂದಲೇ ಬಂದರು. ತಮ್ಮ ಕೊಟ್ಟಿಗೆಯಿಂದ ಎರಡು ಜೋಡಿ, ತಮ್ಮನದು ಒಂದು, ಬೇರೆ ಮನೆಯದು ಒಂದು. ಎಂಟೆತ್ತು ಹೊಲಕ್ಕೆ ಇಳಿದವು.

"ಹೆಂಗರಿ ಬಿ.ಎ. ಸಾಹೇಬ್ರ," ಅಂತ ಕಾಕಾ ಸರಪಳಿ ಎಳೆಯುತ್ತ ಅಂದರು, "ಎತ್ತು ಬ್ಯಾಡ ಅಂತ ತಂದ ಮಿಶಿನ್ನ ಎತ್ತೇ ಎಳೀಬೇಕಾತಲ್ಲ. ಇನ್ನ ಇದಕ್ಕ ಹಿಂಡಿ ಹಾಕ್ತೀರೋ ಏನ?"

ನಕ್ಕವರ ಜೊತೆ ನಾನೂ ನಕ್ಕೆ. ಅಷ್ಟರಲ್ಲಿ ದೊಡ್ಡಪ್ಪ ಕೋಲು ಊರಿಕೊಂಡು ಕೆಸರಿನಲ್ಲೇ ಬಂದರು. ಎತ್ತುಗಳ ಸಾಲು ನೋಡಿದರು. ಮೂರನೆಯ ಜೋಡಿಯ, ಚಾಚಾನ ಎತ್ತುಗಳ, ಹತ್ತಿರ ನಿಂತರು. ಆಮೇಲೆ ನನ್ನ ಬಳಿ ಬಂದು, ನನಗೊಬ್ಬನಿಗೇ ಕೇಳುವ ಹಾಗೆ, "ಸರಪಳಿ ಬಿಚ್ಚು" ಅಂದರು.

"ಮಳಿ ಬರಲತ್ತದರಿ. ಇವತ್ತ ತಗೀಲಿಲ್ಲಂದ್ರ ಮಳಿಗಾಲ ಪೂರಾ ಇಲ್ಲೇ ನಿಲ್ತದ."

"ನಿಲ್ಲಲಿ."

"ಹೊಲ ಬಿತ್ತಾಂಗಿಲ್ಲರಿ."

"ಬಿತ್ತೋದ ಬ್ಯಾಡ. ಆ ಎತ್ತು ನನ್ನ ಹೊಲದಾಗ ಎಳ್ಯಾಂಗಿಲ್ಲ."

"ಯಾಕರಿ? ಚಾಚಾ ಮಾರಿ ಹೋದ ಎತ್ತು. ಕಾಕಾ ತಗೊಂಡ್ರು. ಅದರಾಗ ತಪ್ಪೇನದ?"

"ಮಾರಿ ಹೋದ ಅಂತ ಯಾರು ಹೇಳಿದ್ರು ನಿಂಗ?"

"ಊರಾಗ ಎಲ್ಲಾರೂ."

"ತಗೊಂಡವರ ಊರು ಅದು. ಅದೇ ಹೇಳ್ತದ." ದೊಡ್ಡಪ್ಪ ಗಾಲಿಯ ಮೇಲೆ ಕೈ ಊರಿದರು. "ಹೋಗೋ ದಿನ ಮುಂಜಾನಿ ಅವ ಎತ್ತಿನ ಹಗ್ಗ ನನ್ನ ಕೈಯಾಗ ಕೊಟ್ಟ. ತಿರುಗಿ ಬರೋತನಾ ಕಟ್ಕೋ ಅಂದ. ನಮ್ಮ ಕೊಟಗ್ಯಾಗ ಕಟ್ಟಿದೆ. ಮಧ್ಯಾಹ್ನ ನಿನ್ನ ಕಾಕಾ ಕೂಡಿ ನಾಕ ಮಂದಿ ಬಂದು ಬಿಚ್ಕೊಂಡ ಹೋದ್ರು. ನಾ ಕಟ್ಟಿ ಮ್ಯಾಲೆ ಕುಂತಿದ್ದೆ."

"ನೀವು ಏನಂದ್ರಿ?"

"ಏನೂ ಅನ್ನಲಿಲ್ಲ."

ನಾನು ಆಗಲೂ ಸುಮ್ಮನಿರಲಿಲ್ಲ. ಅನ್ಯಾಯ ಅಂತ ಗೊತ್ತಿದ್ದರೆ ಚಾವಡಿಯಲ್ಲಿ ಹೇಳಬೇಕು. ಹೊಲ ಹಾಳುಬಿಟ್ಟರೆ ಚಾಚಾಗೆ ಏನು ಬಂತು, ಕಾಕಾಗೆ ಏನು ಹೋಯಿತು, ಎತ್ತು ಅವರ ಕೊಟ್ಟಿಗೆಯಲ್ಲಿ ಮೇಯುತ್ತಲೇ ಇದೆ. ಒಂದೊಂದೂ ಸರಿಯಾದ ಮಾತು, ಇವತ್ತಿಗೂ ಸರಿ ಅಂತಲೇ ಅನ್ನುತ್ತೇನೆ. ದೊಡ್ಡಪ್ಪ ಅಷ್ಟೂ ಕೇಳಿದರು.

"ಆವತ್ತ ಹೇಳ್ಬೇಕಿತ್ತು. ಹೇಳಲಿಲ್ಲ. ಈಗ ಬಿಚ್ಚು."

ಸರಪಳಿ ಬಿಚ್ಚಿದವನು ನಾನೇ. ಕಾಕಾ, "ಆಗಲಿ ಬಿಡ್ರಿ, ದೊಡ್ಡವರ ಮನಿ ಮಿಶಿನ್, ನಮ್ಮ ಎತ್ತು ಹ್ಯಾಂಗ ಮುಟ್ಟಬೇಕು" ಅಂದು ಎತ್ತು ಹೊಡೆದುಕೊಂಡು ಹೋದರು. ಅರ್ಧ ತಾಸಿಗೆ ಮಳೆ ಬಂತು.

ಟ್ರ್ಯಾಕ್ಟರ್ ಮಳೆಗಾಲವೆಲ್ಲ ಅಲ್ಲೇ ನಿಂತಿತು. ಸೀಟಿನ ಮೇಲೆ ಗೋಣಿಚೀಲ ಹೊದಿಸಿದ್ದೆವು, ಅದರ ಮೇಲೆ ಕಾಗೆ ಕೂರುತ್ತಿದ್ದವು. ಉಳಿದರ್ಧ ಹೊಲದಲ್ಲಿ ಕರಕಿ ಮೊಣಕಾಲೆತ್ತರ ಬೆಳೆಯಿತು. ದಿನಾ ಆ ದಾರಿಯಲ್ಲಿ ಹೋಗುವಾಗ ನನಗೆ ಮೈ ಉರಿಯುತ್ತಿತ್ತು, ನನ್ನ ಮೇಲೆ ಅರ್ಧ, ದೊಡ್ಡಪ್ಪನ ಮೇಲೆ ಅರ್ಧ. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಭಾಲ್ಕಿಯ ಪಟ್ಟಾದ ಟ್ರ್ಯಾಕ್ಟರಿನ ಪರವಾಗಿ ನಾನೇ ನಿಂತು ವಾದ ಮಾಡುತ್ತಿದ್ದೆ.

ದಸರೆಯ ಹೊತ್ತಿಗೆ ನೆಲ ಬಿರಿಯಿತು. ಸುತ್ತ ಅಗೆದು, ಹಲಗೆ ಹಾಸಿ, ಹೊರಗೆ ತೆಗೆದೆವು. ಉತ್ತ ಅರ್ಧದಲ್ಲಿ ಬಿಳಿಜೋಳ ಬಿತ್ತಿದೆವು. ಬೇಸಿಗೆಯಲ್ಲಿ ಉಳಿದರ್ಧವನ್ನು, ನೆಲ ಪೂರ್ತಿ ಒಣಗಿದ್ದಾಗ, ಟ್ರ್ಯಾಕ್ಟರಿನಿಂದಲೇ ಮುಗಿಸಿದೆ. ಕರಕಿಯ ಬೇರು ಮೇಲೆ ಬಿದ್ದು ಬಿಸಿಲಿಗೆ ಒಣಗಿತು. ಅದನ್ನು ನೋಡಿದ ಮೇಲೆ ಊರವರಿಗೂ ಆಸೆ ಹುಟ್ಟಿತು.

ಒಂದು ಮುಂಜಾನೆ ಚಾವಡಿಯಲ್ಲಿ ಏಳೆಂಟು ಮಂದಿ ಕೂತಿದ್ದೆವು. ಕಾಕಾ ಬಂದರು, ದೊಡ್ಡಪ್ಪನ ಎದುರಿಗೇ ಕೂತರು.

"ಅಣ್ಣಾರ, ನಮ್ಮ ಹೊಲಕ್ಕೂ ಕರಕಿ ಹತ್ತೇದರಿ. ಎರಡ ದಿನ ಟ್ರ್ಯಾಕ್ಟರ್ ಕೊಡ್ರಿ."

"ಕೊಡ್ತೀನಿ" ಅಂದರು ದೊಡ್ಡಪ್ಪ. "ನಿನ್ನ ಕೊಟಗ್ಯಾಗಿನ ಆ ಎರಡನೇ ಜೋಡಿ ಯಾರದು, ಇವರ ಮುಂದ ಒಮ್ಮಿ ಹೇಳು."

ಬೀಡಿ ಸೇದುತ್ತಿದ್ದವರು ಬೀಡಿ ಕೆಳಗಿಳಿಸಿದರು. ಕಾಕಾ ನೆಲ ನೋಡಿದರು.

"ಹಳೀ ಮಾತು ಈಗ ಯಾಕರಿ ಅಣ್ಣಾರ?"

"ಟ್ರ್ಯಾಕ್ಟರ್ ಬೇಕಂದದ್ದು ಈಗ ಅಲ್ಲೇನು?"

"ನಿಮಗ ಗೊತ್ತೇ ಅದಲ್ಲರಿ."

"ನಂಗ ಗೊತ್ತದ. ನೀ ಹೇಳು."

ನನ್ನ ಬಾಯಲ್ಲಿ ಹತ್ತು ಮಾತು ತಯಾರಿದ್ದವು, ಸಾಕ್ಷಿ ಯಾರು, ಹಗ್ಗ ಬಿಚ್ಚಿದವರು ಯಾರ್ಯಾರು. ಮೇಲೇಳಲು ಹೋದೆ. ದೊಡ್ಡಪ್ಪ ನನ್ನ ಅಂಗಿ ಹಿಡಿದು ಕೂರಿಸಿದರು. ಯಾರೋ ಕೆಮ್ಮಿದರು. ಯಾರೋ ಈ ಸಲ ಮಳೆ ಬೇಗ ಬರುತ್ತದಂತೆ ಅಂದರು. ಕಾಕಾ ಎದ್ದು, ಧೋತರದ ಧೂಳು ಝಾಡಿಸಿಕೊಂಡು ಹೋದರು. ಒಬ್ಬೊಬ್ಬರಾಗಿ ಉಳಿದವರೂ ಹೋದರು.

ಮನೆಗೆ ಬರುವಾಗ ನಾನು ತಡೆಯಲಾರದೆ ಕೇಳಿದೆ. "ಈ ಒಂದು ಮಾತಿಗಿ ಟ್ರ್ಯಾಕ್ಟರ್ ಯಾಕ ಬೇಕಾಗಿತ್ತರಿ? ಮೊದಲೇ ಅನ್ನಬಹುದಿತ್ತಲ್ಲ."

"ಹೊಲ ಉಳಾಕ ಅವರ ಎತ್ತು ನಂಗ ಬೇಕಿದ್ದಾಗ ಹ್ಯಾಂಗ ಅನ್ನಲಿ?" ಅಂದರು.

ಇದು ವಾದವಾಗಿ ನಿಲ್ಲುವುದಿಲ್ಲ. ಬೇಕಿದ್ದರೂ ಅನ್ನಬಹುದು, ಅನ್ನಬೇಕು. ಅದನ್ನೂ ಹೇಳಿದೆ. ದೊಡ್ಡಪ್ಪ ಹೂಂ ಅಂದರು. ಆ ಬೇಸಿಗೆ ಕಾಕಾ ಎಂಟೆತ್ತು ಕೂಡಿಸಿಯೇ ತಮ್ಮ ಹೊಲ ಉತ್ತರು. ಚಾಚಾನ ಜೋಡಿ ಅವರ ಕೊಟ್ಟಿಗೆಯಲ್ಲೇ ಉಳಿಯಿತು.