ಹಿಂಡಿ ತಿಂದ ಸಿಗಡಿ

ನನ್ನ ಅಕ್ಕನ ಗಂಡನಿಗೂ ನನಗೂ ಅವರ ಮದುವೆಯ ಚಪ್ಪರದಲ್ಲೇ ಸಂಬಂಧ ಹಳಸಿತ್ತು. ಚಪ್ಪರ ಬೀಳಬಹುದು ಎಂದು ನಾನು ನಾಲ್ಕು ಸಲ ಎಚ್ಚರಿಸಿದ್ದೆ. ಅದು ಬೀಳಲಿಲ್ಲ. ಬಿದ್ದಿದ್ದರೆ ಭಾವ ನನ್ನನ್ನು ಕ್ಷಮಿಸುತ್ತಿದ್ದನೇನೋ.

ಅಂಥವನ ಹೊಂಡದಲ್ಲೇ ನಾನು ಸಿಗಡಿ ಸಾಕಬೇಕಾಗಿ ಬಂತು. ಎಂಬತ್ತರ ದಶಕದ ಮೊದಲ ವರ್ಷಗಳು. ಮಧುಗಿರಿಯ ಸರ್ಕಾರಿ ಮೀನುಗಾರಿಕೆ ಕಚೇರಿಯಲ್ಲಿ ನಾನು ಹಂಗಾಮಿ ನೌಕರ. ಮೂವತ್ತಾರು ವಯಸ್ಸಾಗಿ, ಕೂದಲು ಅರ್ಧ ಹೋಗಿ, ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ರೈತನೊಬ್ಬನ ಹೊಂಡದಲ್ಲಿ ಸಿಹಿನೀರಿನ ಸಿಗಡಿ ಬೆಳೆಸಿ ತೋರಿಸಿದರೆ ಕಾಯಂ ಮಾಡುವುದಾಗಿ ಸಾಹೇಬರು ಹೇಳಿದ್ದರು. ಯಾವ ರೈತನೂ ಹೊಂಡ ಕೊಡಲಿಲ್ಲ. ಕೊನೆಗೆ ಅಕ್ಕ ಗೌಡಗೆರೆ ಕಡೆಯ ತನ್ನ ಊರಿನಲ್ಲಿ ಮೂರು ದಿನ ಗಂಡನೊಂದಿಗೆ ಮಾತು ಬಿಟ್ಟು ಒಪ್ಪಿಸಿದಳು.

ಭಾವ ಒಂದೇ ಷರತ್ತು ಹಾಕಿದ. ಶನಿವಾರ ಶನಿವಾರ ಮನೆದೇವರ ಅಭಿಷೇಕಕ್ಕೆ ಆ ಹೊಂಡದ ನೀರೇ ಆಗಬೇಕು. ಆದ್ದರಿಂದ ಮೀನು, ಮಾಂಸ, ಮೊಟ್ಟೆ ಯಾವುದೂ ಅದರೊಳಕ್ಕೆ ಬೀಳಬಾರದು.

"ಸಿಗಡೀನೇ ಬಿಡ್ತಾ ಇದ್ದೀವಲ್ಲ ಭಾವ?" ಎಂದೆ.

"ಬದ್ಕಿರೋದು ಮೈಲ್ಗೆ ಅಲ್ಲ ಕಣ್ಲಾ. ಸತ್ತಿದ್ದು ಮೈಲ್ಗೆ. ಇಷ್ಟೂ ಗೊತ್ತಿಲ್ದೆ ಸರ್ಕಾರ ನಿಂಗೆ ಸಂಬ್ಳ ಕೊಡುತ್ತಾ?"

ಭಾನುವಾರಗಳಂದು ಕೋಳಿ ಮುರಿಯುವವನು ಅವನು. ಆ ಮಾತನ್ನು ನಾನು ಆಡಲಿಲ್ಲ. ಹೊಂಡ ಬೇಕಾಗಿತ್ತು.

ಕರಾವಳಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮರಿಗಳಿಗೆ ಕಡಲೆಕಾಯಿ ಹಿಂಡಿ ನೆನೆಸಿ, ಅಕ್ಕಿ ತೌಡು ಕಲಸಿ, ಉಂಡೆ ಕಟ್ಟಿ ಹಾಕಿದೆವು. ಎರಡು ತಿಂಗಳು ಚೆನ್ನಾಗಿ ತಿಂದವು. ಆಮೇಲೆ ಶುರುವಾಯಿತು ಕಾಟ. ಸಿಗಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಕಳಚಿದವು, ಹೊಸ ಚಿಪ್ಪು ಗಟ್ಟಿಯಾಗಲಿಲ್ಲ. ಮೆತ್ತಗಾದದ್ದನ್ನು ಪಕ್ಕದ್ದು ತಿಂದು ಹಾಕುತ್ತಿತ್ತು. ದಿನಾ ಬೆಳಿಗ್ಗೆ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ತೇಲುವ ಕಾಲು, ಮೀಸೆ ನೋಡುತ್ತಿದ್ದೆ.

"ನಿನ್ ಮಕ ನೋಡೇ ಸಾಯ್ತಾವೆ ಅವು," ಎನ್ನುತ್ತಿದ್ದ ಭಾವ.

ಅವನ ತಾಯಿ ಮಾತ್ರ ಹೊಂಡದೊಳಕ್ಕೆ ಇಣುಕಿ ಕಾಯಿಲೆ ಏನೆಂದು ಕಂಡುಹಿಡಿದರು. "ಚಿಪ್ಪು ಬಿಟ್ಟೋವು ಬಾಣಂತಿ ಇದ್ದಂಗೆ ಕಣಪ್ಪಾ. ಎಲೆಅಡಿಕೆಗೆ ಸುಣ್ಣ ಜಾಸ್ತಿ ಹಾಕಿ ಕೊಡಲ್ವಾ ಬಾಣಂತೀಗೆ? ಮೂಳೆ ಗಟ್ಟಿ ಆಗ್ಲಿ ಅಂತ?" ಎಂದು ಸುಣ್ಣದ ತಿಳಿಯನ್ನು ತಾವೇ ಹಿಂಡಿಗೆ ಕಲಸಿದರು. ಕಚೇರಿಯ ಕೈಪಿಡಿಯೂ ಅದನ್ನೇ ಹೇಳುತ್ತಿತ್ತು, ಆರು ಪುಟಗಳಲ್ಲಿ. ಚಿಪ್ಪು ಸ್ವಲ್ಪ ಸುಧಾರಿಸಿತು. ಆದರೆ ಮೈ ತುಂಬಲಿಲ್ಲ. ಬರೀ ಕಾಳುಕಡ್ಡಿಯ ಮೇಲೆ ಸಾಕಿದರೆ ಸಿಗಡಿಗೆ ಬೇಕಾದ ಒಂದು ಬಗೆಯ ಕೊಬ್ಬು ಸಿಗುವುದಿಲ್ಲ, ಮೀನಿನ ಪುಡಿಯನ್ನೋ ಮೊಟ್ಟೆಯನ್ನೋ ಸೇರಿಸಬೇಕು ಎಂದು ಅದೇ ಕೈಪಿಡಿಯ ಏಳನೆಯ ಪುಟದಲ್ಲಿತ್ತು.

ಸಾಹೇಬರು ಹೊಂಡ ನೋಡಲು ಬರುವುದಕ್ಕೆ ಒಂದೂವರೆ ತಿಂಗಳಿತ್ತು. ನಾನು ಶಿರಾದಲ್ಲಿ ಬಸ್ಸಿಳಿದು ಒಣಮೀನು ಕೇಳಿದೆ.

"ಸಾರಿಗಾ ಸಾಹೇಬ್ರೇ, ಹುರಿಯೋಕಾ?" ಎಂದ ಅಂಗಡಿಯವನು.

"ಸಿಗಡಿಗೆ."

"ಯಾ ಅಲ್ಲಾ! ಮನುಷ್ಯರಿಗೇ ಇಲ್ಲ ಇಲ್ಲಿ!"

ಪುಡಿ ಮಾಡಿಸಿ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಉಂಡೆ ಕಟ್ಟುವ ಕೆಲಸ ನನ್ನದೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಸಿಗಡಿಗಳು ಹದಿನೈದು ದಿನದಲ್ಲಿ ಬೇರೆ ಪ್ರಾಣಿಗಳೇ ಆದವು. ಭಾವ ಊರವರನ್ನು ಕರೆದು ತೋರಿಸಿದ: "ನೋಡ್ರಪ್ಪಾ, ಬರೀ ಹಿಂಡಿ! ನಮ್ ಹೊಲದ ಕಡ್ಲೆಕಾಯ್ ಹಿಂಡಿ!" ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ನನ್ನನ್ನು ಹಿಡಿದುಕೊಟ್ಟದ್ದು ಬೆಕ್ಕುಗಳು. ಊರಿನ ಮೂರು ಬೆಕ್ಕು ಹೊಂಡದ ದಂಡೆಯಲ್ಲಿ ಬಿಡಾರ ಹೂಡಿದವು. ಹಿಂಡಿಗೆ ಬೆಕ್ಕು ಯಾಕೆ ಬರುತ್ತದೆ ಎಂದು ಮುದುಕಿಗೆ ಅನುಮಾನ ಬಂತು. ಉಂಡೆ ಮುರಿದು ಮೂಸಿದರು. ಅದನ್ನು ಮಗನ ಕೈಗಿಟ್ಟರು.

"ಎಷ್ಟು ದಿನ ಆಯ್ತು?" ಎಂದ ಭಾವ.

"ಒಂದು ತಿಂಗಳು..."

"ನಾಕು ಶನಿವಾರ! ನಾಕು ಶನಿವಾರ ದೇವ್ರ ತಲೆ ಮೇಲೆ ನನ್ ಕೈಯಲ್ಲಿ ಮೀನ್ ನೀರು ಹುಯ್ಸಿದ್ಯಲ್ಲೋ, ಹಲ್ಕಟ್ ನನ್ಮಗ್ನೇ!"

"ಸೋಸಿಬಿಟ್ಟರೆ ಭಾವ—"

ಅವನು ಗುದ್ದಲಿ ತೆಗೆದುಕೊಂಡ. ನನಗೇ ಬಿತ್ತು ಎಂದುಕೊಂಡೆ. ಹೊಂಡದ ಕಟ್ಟೆಗೆ ಬಿತ್ತು. ನೀರೆಲ್ಲ ಹೊಲಕ್ಕೆ ನುಗ್ಗಿ, ಸಿಗಡಿಗಳು ಕೆಸರಲ್ಲಿ ಪಟಪಟ ಎಗರಿದವು. ಬೆಕ್ಕುಗಳಿಗೆ ಅವತ್ತು ಹಬ್ಬ.

ಎರಡು ವಾರ ಬಿಟ್ಟು ಸಾಹೇಬರು ಬಂದರು. ಬತ್ತಿದ ಹೊಂಡ ನೋಡಿ ಭಾವನನ್ನು ಕೇಳಿದರು, ಯಾಕೆ ಒಡೆದಿರಿ ಎಂದು.

"ನಿಮ್ಮೋನ್ನೇ ಕೇಳಿ," ಎಂದು ಅವನು ಮುಖ ತಿರುಗಿಸಿದ.

ಸಾಹೇಬರು ನನ್ನ ಕಡೆ ತಿರುಗಿದರು. "ರೈತರ ಅಸಹಕಾರ, ಅಲ್ಲವೇನ್ರೀ?" ಎಂದು ತಾವೇ ಉತ್ತರ ಹುಡುಕಿಕೊಟ್ಟರು.

"ಹೌದು ಸಾರ್," ಎಂದೆ.

ಬರೆದುಕೊಂಡರು. ಅಷ್ಟು ಕಷ್ಟದ ಜಾಗದಲ್ಲೂ ದುಡಿದನೆಂದು ನನ್ನ ಕೆಲಸ ಕಾಯಂ ಆಯಿತು. ಹೊಂಡಕ್ಕೆ ಕಲ್ಲು ಕಟ್ಟಿಸಲು ಭಾವ ನಮ್ಮ ಕಚೇರಿಗೇ ಕೊಟ್ಟಿದ್ದ ಅರ್ಜಿ, 'ರೈತರ ಅಸಹಕಾರ' ಎಂಬ ಅದೇ ಎರಡು ಪದಗಳ ಷರಾದೊಂದಿಗೆ ವಾಪಸ್ಸು ಹೋಯಿತು.

ಸಿಹಿ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಪೊಟ್ಟಣಕ್ಕೆ ಕೈ ಚಾಚಲಿಲ್ಲ.

"ಕೆಲ್ಸ ಸಿಕ್ತಲ್ಲ. ಇನ್ನು ಈ ಕಡೆ ಬರಬ್ಯಾಡ ಕಣಪ್ಪಾ."

ಐದು ಗಂಟೆ ಬಸ್ಸು ತಪ್ಪಿಹೋದರೆ ಏನು ಗತಿ ಎಂಬ ಚಿಂತೆ ಹತ್ತಿ, ಚಪ್ಪಲಿ ಮೆಟ್ಟಿಕೊಂಡೆ.