ಇಡ್ಲಿ ಕಲ್ಲಿಗೆ ನೀರು ಮುಟ್ಟಿದರೆ

ಭಾನುವಾರ ಬೆಳಿಗ್ಗೆ ಏಳು ಗಂಟೆ. ಕಾಪು ದೀಪಸ್ತಂಭದ ಬುಡದಲ್ಲಿ ಕಡಲು ಹಿಂದೆ ಸರಿದಿದೆ. ಬಂಡೆಗಳ ನಡುವೆ ನೀರು ಉಳಿದ ಗುಂಡಿಯೊಂದಕ್ಕೆ ಮೂಗು ತಾಗುವಷ್ಟು ಬಾಗಿ ಕೂತವರು ರೇಚಲ್ ಮಥಾಯಸ್. ಸುತ್ತ ಬೆಳ್ಮಣ್ ಕಡೆಯ ಶಾಲೆಯೊಂದರ ಹನ್ನೊಂದು ಮಕ್ಕಳು, ಎಲ್ಲರೂ ಆರನೇ ತರಗತಿ.

"ಟೀಚರ್, ಈ ಚಿಪ್ಪು ನಡೀತಾ ಉಂಟು!"

"ಹೌದಾ ಮಾರಾಯ? ಕಾಲು ಎಷ್ಟುಂಟು ನೋಡು."

ಉಜ್ವಲ್ ಎಣಿಸುವಷ್ಟರಲ್ಲಿ ಒಳಗಿದ್ದ ಏಡಿ ಕಾಲೆಳೆದುಕೊಳ್ಳುತ್ತದೆ. ಅದರ ಹೆಸರು ಮಾತ್ರ ರೇಚಲ್ ಹೇಳುವುದಿಲ್ಲ. "ಹೇಳಿದ್ರೆ ಬರ್ಕೊಳ್ತಾರೆ, ಮತ್ತೆ ನೋಡೋದೇ ಇಲ್ಲ."

ಉದ್ಯಾವರದ ರೇಚಲ್ ಸ್ಕಾಟ್ಲೆಂಡಿನಲ್ಲಿ ಎರಡು ವರ್ಷ ಕಡಲಜೀವಿಗಳ ಬಗ್ಗೆ ಓದಿದವರು. ಅಲ್ಲಿನ ಪುಟ್ಟ ಮಕ್ಕಳು ಮಳೆಯಲ್ಲೂ ಗಂಬೂಟು ಹಾಕಿಕೊಂಡು ಕಡಲಂಚಿನಲ್ಲಿ ಹುಡುಕಾಡುವುದನ್ನು ಕಂಡಾಗ ಅವರಿಗೊಂದು ಪ್ರಶ್ನೆ ಹತ್ತಿಕೊಂಡಿತು: ನಮ್ಮೂರಿನ ಮಕ್ಕಳು ಕಡಲಿಗೆ ಬರುವುದು ಬರೀ ಸಂಜೆ, ಬರೀ ಚರುಮುರಿಗೆ, ಯಾಕೆ? ಈಗ ವಾರವಿಡೀ ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ. ಬೆಳಿಗ್ಗೆಯೇ ನೀರು ಇಳಿಯುವ ಭಾನುವಾರಗಳು ಮಕ್ಕಳಿಗೆ. ಐದು ವರ್ಷದಲ್ಲಿ ಇದು ನಲವತ್ತಮೂರನೇ ಸಲ. ವ್ಯಾನ್ ಇಲ್ಲ, ಮೊದಲ ಬಸ್ಸು, ಪಡುಬಿದ್ರಿಯಲ್ಲಿ ಇಳಿದು ಇನ್ನೊಂದು. ಟಿಕೆಟನ್ನು ಪ್ರತಿ ಮಗುವೂ ತಾನೇ ಕೇಳಿ ಪಡೆಯಬೇಕು. ಹಾಜರಿ ಕರೆದಾಗಲೂ ದನಿ ಎತ್ತದ ಪ್ರಣೀತಾ ಇವತ್ತು "ಕಾಪು ಒಂದು" ಎಂದದ್ದು ಕಂಡಕ್ಟರಿಗೆ ಕೇಳಿಸಿದ್ದು ಮೂರನೇ ಸಲಕ್ಕೆ.

ಮರಳಿನಲ್ಲಿ ಕೊಡೆ ಹಿಡಿದು ನಿಂತವರು ಶಾಲೆಯ ಮುಖ್ಯೋಪಾಧ್ಯಾಯಿನಿ ಗುಣವತಿ. ಡಿಸೆಂಬರಿನಲ್ಲಿ ಹೀಗೇ ಬಂದಿದ್ದಾಗ, ಏರಿ ಬಂದ ನೀರಿನಿಂದ ತಪ್ಪಿಸಿಕೊಂಡು ಓಡುವಾಗ ಅವರ ಶಾಲೆಯ ಹುಡುಗನೊಬ್ಬ ಬಂಡೆಯ ಮೇಲೆ ಬಿದ್ದು ಮೊಣಕಾಲಿಗೆ ಹೊಲಿಗೆ ಹಾಕಿಸಬೇಕಾಗಿ ಬಂದಿತ್ತು. "ಇವತ್ತು ನೋಡ್ತೇನೆ. ಪುನಃ ಹಾಗಾದ್ರೆ ಕಡಲು ಬಂದ್. ಕ್ಲಾಸಲ್ಲೇ ಫೋಟೋ ತೋರಿಸಿ, ಸಾಕು" ಎಂದೇ ಅವರು ಬಂದಿದ್ದಾರೆ.

ರೇಚಲ್ ಏನೂ ಮುಚ್ಚಿಡುವುದಿಲ್ಲ. "ತಪ್ಪು ನಂದೇ. ಗುಂಡಿ ನೋಡ್ತಾ ಕೂತವಳಿಗೆ ನೀರು ಬಂದದ್ದೇ ಗೊತ್ತಾಗ್ಲಿಲ್ಲ." ಅಂದಿನಿಂದ ಹೊರಡುವ ಹೊತ್ತನ್ನು ಹೇಳುವುದು ಒಂದು ಮಗು. ಉರುಟಾದ ಒಂದು ಬಂಡೆಗೆ ಮಕ್ಕಳೇ ಇಡ್ಲಿ ಕಲ್ಲು ಎಂದು ಹೆಸರಿಟ್ಟಿದ್ದಾರೆ. ಅದರ ಬುಡಕ್ಕೆ ನೀರು ಮುಟ್ಟಿದರೆ ಸೀಟಿ, ಎಲ್ಲರೂ ವಾಪಸ್. ಇವತ್ತು ಸೀಟಿ ಇರುವುದು ಪ್ರಣೀತಾಳ ಕೊರಳಲ್ಲಿ.

ಎಂಟಾಗುತ್ತಾ ಬಂದಿದೆ. ಬಂಡೆಯ ಬಿರುಕಿನಿಂದ ಕಂದು ತೋಳೊಂದು ಮೆಲ್ಲ ಹೊರಬರುತ್ತದೆ. ಆಕ್ಟೋಪಸ್! ಐದು ವರ್ಷ ಹುಡುಕಿದರೂ ಇಲ್ಲಿ ರೇಚಲ್‌ಗೆ ಸಿಗದೇ ಇದ್ದದ್ದು. ಅವರು ಉಸಿರು ಹಿಡಿದು ಇನ್ನಷ್ಟು ಬಾಗುತ್ತಾರೆ. ಎರಡನೇ ತೋಳೂ ಬರುತ್ತಿದೆ. ಅಷ್ಟರಲ್ಲಿ ಸೀಟಿ.

"ಒಂದೇ ನಿಮಿಷ, ಪ್ರಣೀತಾ..."

"ಇಲ್ಲ ಟೀಚರ್! ಇಡ್ಲಿಗೆ ಸಾಂಬಾರು ಬಂತು. ಏಳಿ!"

ರೇಚಲ್ ಏಳುತ್ತಾರೆ.

ಮರಳಿನಲ್ಲಿ ಗುಣವತಿ ಟೀಚರ್ ಮೊದಲು ತಲೆ ಎಣಿಸುತ್ತಾರೆ, ಆಮೇಲೆ ಒಂದೊಂದೇ ಮೊಣಕಾಲು ನೋಡುತ್ತಾರೆ. ಕೊಡೆ ಮಡಚುತ್ತಾ, "ಮುಂದಿನ ಸಲ ಏಳನೇ ಕ್ಲಾಸಿನವರನ್ನೂ ಕಳಿಸ್ಲಾ?" ಎನ್ನುತ್ತಾರೆ.

ಬಸ್ಸಿಗೆ ಕಾಯುವಾಗ, ಆಕ್ಟೋಪಸ್ ಬಿಟ್ಟು ಬಂದದ್ದಕ್ಕೆ ಬೇಜಾರಾಯಿತಾ ಎಂದು ಕೇಳಿದರೆ ರೇಚಲ್ ನಗುತ್ತಾರೆ.

"ಅದೆಲ್ಲಿಗೆ ಹೋಗ್ತದೆ, ಅಲ್ಲೇ ಉಂಟು. ಪ್ರಣೀತಾ ನನಗೆ ‘ಏಳಿ’ ಅಂದ್ಳಲ್ಲ, ಅದನ್ನು ಇವತ್ತೇ ಅವಳ ಅಮ್ಮನಿಗೆ ಹೇಳ್ಬೇಕು."