ಅತ್ತೆಯ ಬಟ್ಟಲಿನ ಮಣ್ಣು

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರ ಸಂದಿಯಲ್ಲಿ ಸದಾ ಒಂದು ಬಿಳಿ ಗೆರೆ. ಎಷ್ಟು ತಿಕ್ಕಿ ತೊಳೆದರೂ ಹೋಗದು. ಅದು ಮಾಳಿಗೆಯ ಮಣ್ಣು.

ನಿಜಾಮರ ಕಾಲದ ಮಾತು. ಸೇಡಂ ಹತ್ತಿರದ ಕುರಕುಂಟಾದಲ್ಲಿ ನಮ್ಮ ಮನೆ. ನೆಲಕ್ಕೆ ಶಹಾಬಾದ ಪರಸಿ ಕಲ್ಲು, ತಲೆಯ ಮೇಲೆ ಮಾಳಿಗೆ, ಅಂದರೆ ಮಣ್ಣು ಬಡಿದ ಮಟ್ಟಸ ಚಾವಣಿ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಬಿಳಿ ಜೇಡಿ ತಂದು ಮಾಳಿಗೆಗೆ ಹಾಕಿ ಬಡಿಯಬೇಕು. ಅತ್ತೆ ಹಾಗೇ ತರುವವರಲ್ಲ. ಹಿಡಿ ಮಣ್ಣನ್ನು ಬಟ್ಟಲ ನೀರಿನಲ್ಲಿ ಕದಡಿ ಎದುರಿಗೆ ಕೂತುಬಿಡುವರು. ಮೊದಲು ಉಸುಕು ಇಳಿಯುತ್ತದೆ, ಆಮೇಲೆ ಹಿಟ್ಟಿನಂಥದ್ದು, ಕಟ್ಟಕಡೆಗೆ ಜೇಡಿ. ನೀರು ಬಸಿದು ಹೆಬ್ಬೆರಳು ಒತ್ತುವರು. ಮೇಲಿನ ಪದರು ದಪ್ಪಗೆ ಅಂಟಿದರೆ ಮಾತ್ರ ಬುಟ್ಟಿ ತುಂಬಬೇಕು; ಜೇಡಿ ಹೆಚ್ಚಿದ್ದರೇ ಮಾಳಿಗೆ ಸೋರದು.

"ಏನ್ರೀ ಅತ್ತಿ, ಮಣ್ಣಿಗಿ ಪೂಜಾ ಮಾಡಾಕತ್ತೀರೇನ್ರಿ?" ಅಂತ ನಾನು ನಗುತ್ತಿದ್ದೆ.

"ಸುಮ್ ಕುಂದ್ರು. ತಳಕ್ಕ ಕುಂತ ಮ್ಯಾಲೇ ಅದು ತನ್ನ ಗುಣ ಹೇಳ್ತದ."

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಅತ್ತೆಯ ಕೈಯಲ್ಲೇ. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಷ್ಟು ಕೂಸು. ಆ ಗಡಿಬಿಡಿಯಲ್ಲಿ ಅತ್ತೆ ಬಟ್ಟಲು ಮುಟ್ಟಲಿಲ್ಲ. ಬಣ್ಣ ಬೆಳ್ಳಗಿದೆಯೆಂದು, ಹಳ್ಳ ಕೆರೆಗೆ ಸೇರುವ ಬಾಯಿಯ ಮಣ್ಣನ್ನೇ ಬಾಣಂತಿ ಕೋಣೆಯ ಮೇಲೆ ಹಾಕಿಸಿದರು. ಅದು ಜೇಡಿಯಲ್ಲ, ಬರೀ ಕಲ್ಲಿನ ಹಿಟ್ಟು. ಮೊದಲ ದೊಡ್ಡ ಮಳೆಗೇ ತೊಟ್ಟಿಲಿಗೆ ನೀರು ಸುರಿಯಿತು. ಕೂಸಿನ ತುಟಿ ನೀಲಿಯಾಯಿತು.

ಅತ್ತೆ ಕೂಸನ್ನು ನನ್ನ ಎದೆಗೊತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದರು. ತಾವು ಮಲಗುವ ಕೋಣೆಯ ಮೇಲಿನ ಹಳೆಯ ಗಟ್ಟಿ ಜೇಡಿಯನ್ನು ಸಲಿಕೆಯಿಂದ ಕಿತ್ತು ನನ್ನ ಕೋಣೆಯ ಮೇಲೆ ಹರವತೊಡಗಿದರು.

ಮಾವ ಅಂಗಳದಿಂದ ಕೂಗಿದರು: "ಏ, ಹುಚ್ಚ ಹಿಡೀತೇನು? ನಾವೆಲ್ಲಿ ಮಕ್ಕೊಳ್ಳೋದು?"

"ಎಮ್ಮಿ ಮಗ್ಗಲಿಗಿ ಮಕ್ಕೋರಿ! ಅದು ನಿಮಗಿಂತ ಕಡಿಮಿ ಗೊರಕಿ ಹೊಡೀತದ. ತಪ್ಪು ನಂದು, ಕೂಸಿಂದಲ್ಲ."

ಸೋರುವುದು ನಿಂತಿತು. ಆ ಮಳೆಗಾಲವೆಲ್ಲ ಇಬ್ಬರೂ ಕೊಟ್ಟಿಗೆಯಲ್ಲೇ ಮಲಗಿದರು. ಕೂಸು ಉಳಿಯಿತು.

ಅದೇ ಕೂಸಿನ ಮಗಳು, ನನ್ನ ಬಂಗಾರದಂಥ ಮೊಮ್ಮಗಳು, ಮೊನ್ನೆ ಭೂಮಿಯ ತುದಿಯ ಹಿಮದ ನಾಡಿನಿಂದ ಬಂದಳು! ಅಲ್ಲಿಯ ಕೆರೆಗಳ ಮೇಲೆ ಎಮ್ಮೆ ನಿಂತರೂ ಒಡೆಯದ ಮಂಜುಗಡ್ಡೆ, ಬರ್ಫ ಅಂತೆ. ಅದಕ್ಕೆ ತೂತು ಕೊರೆದು ತಳದ ಕೆಸರು ತೆಗೆದು, ಅದರಲ್ಲಿ ಯಾವ ಯಾವ ಖನಿಜ ಇದೆ ಅಂತ ನೋಡುವುದೇ ಅವಳ ಕೆಲಸವಂತೆ. ಹಿಗ್ಗು ತಡೆಯಲಾಗದೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಅವಳು ಚಿಕ್ಕ ಶೀಶೆಯೊಂದರಲ್ಲಿ ಆ ಕೆಸರು ತಂದಿದ್ದಳು. ನೀರು ಹಾಕಿ ಅಲುಗಾಡಿಸಿ ಇಟ್ಟು, ಸಂಜೆಯ ತನಕ ಇಬ್ಬರೂ ಅದರ ಮುಂದೆ ಕೂತೆವು. ಉಸುಕು ಇಳಿಯಿತು, ಹಿಟ್ಟು ಇಳಿಯಿತು. ಜೇಡಿ ಇಲ್ಲವೆನ್ನುವಷ್ಟು ಕಡಿಮೆ.

"ಅಲ್ಲಿ ಭಾಳ ಥಂಡಿ, ಅಜ್ಜಿ. ಬರ್ಫ ಕಲ್ಲು ಬೀಸಿ ಹಿಟ್ಟು ಮಾಡ್ತದ, ಅಷ್ಟೇ. ಜೇಡಿ ಆಗಬೇಕಂದ್ರ ಬಿಸಿಲು, ಮಳಿ ಬೇಕು. ಜೇಡಿ ಎಷ್ಟದ ನೋಡೇ ಹಿಂದಿನ ಕಾಲದ ಥಂಡಿ ಅಂದಾಜು ಮಾಡ್ತೀವಿ."

"ಹಂಗಾರ ಇದು ಮಾಳಗಿಗಿ ಬರಂಗಿಲ್ಲ ಬಿಡವ್ವ," ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಆಮೇಲೆ ಯಾಕೋ ಕಣ್ಣು ತುಂಬಿತು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಹೋದ ದಿನ ಮೈ ತೊಳೆಯುವಾಗಲೂ ಆ ಬಿಳಿ ಗೆರೆ ಹಾಗೇ ಇತ್ತು, ನಾನದನ್ನು ತಿಕ್ಕಲಿಲ್ಲ.

ಶೀಶೆಯ ನೀರು ಬಸಿದು, ಕೆಸರನ್ನು ಅಂಗೈಗೆ ಸುರಿದುಕೊಂಡು ಹೆಬ್ಬೆರಳು ಒತ್ತಿ ನೋಡಿದೆ. ಉಗುರ ಸಂದಿಯಲ್ಲಿ ಒಂದಿಷ್ಟು ಕೂತಿತು.

"ಕೈ ತೊಳ್ಕೊ ಅಜ್ಜಿ," ಅಂದಳು ಮೊಮ್ಮಗಳು.

"ಇರ್ಲಿ ಬಿಡು," ಅಂದೆ.